ಮನೆಯಲ್ಲೇ ಕಲಿಯುವ ಮಕ್ಕಳಿಗೆ ಕೂಡುತರಗತಿ: ಕೊಡಗಿನ ಪೋಷಕರಿಗೆ ಒಂದು ಮಾರ್ಗದರ್ಶಿ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ತಂದೆತಾಯಿಗಳು ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಂದು ಸಂಗತಿಯನ್ನು ಗಮನಿಸುತ್ತಾರೆ. ಓದು, ಬರಹ, ಲೆಕ್ಕ ಇವು ಮನೆಯ ಮೇಜಿನ ಮೇಲೆ ಚೆನ್ನಾಗಿಯೇ ಸಾಗುತ್ತವೆ. ಮಗುವಿಗೆ ಅರ್ಥವಾಗುವವರೆಗೆ ನಿಲ್ಲಬಹುದು, ಅರ್ಥವಾದ ಕೂಡಲೇ ಮುಂದಕ್ಕೆ ಹೋಗಬಹುದು. ಆದರೆ ಚರ್ಚೆಗೆ ಎದುರಾಡುವವರು ಬೇಕು, ನಾಟಕಕ್ಕೆ ಪಾತ್ರಧಾರಿಗಳು ಬೇಕು, ಹಾಕಿಗೆ ತಂಡ ಬೇಕು, ವಿಜ್ಞಾನದ ಪ್ರಯೋಗಕ್ಕೆ ಸಾಮಗ್ರಿಯೂ ಅದನ್ನು ಬಲ್ಲವರೊಬ್ಬರೂ ಬೇಕು. ಇವನ್ನೆಲ್ಲ ಒಂದೇ ಮನೆ ಒದಗಿಸುವುದು ಕಷ್ಟ. ನಾಲ್ಕೈದು ಕುಟುಂಬಗಳು ಸೇರಿ, ಪೋಷಕರೇ ತಮಗೆ ಗೊತ್ತಿರುವುದನ್ನು ಹಂಚಿಕೊಂಡು ಕಲಿಸುತ್ತಾ, ವಾರಕ್ಕೊಮ್ಮೆ ನಡೆಸುವ ತರಗತಿಯನ್ನು ಹೋಮ್‌ಸ್ಕೂಲ್ ಕೋ-ಆಪ್ ಎನ್ನುತ್ತಾರೆ. ಇಲ್ಲಿ ಅದನ್ನು ಕೂಡುತರಗತಿ ಎಂದೇ ಕರೆಯುತ್ತೇನೆ.

ಕೊಡಗಿನಲ್ಲಿ ಇದರ ಅಗತ್ಯ ಸ್ವಲ್ಪ ಹೆಚ್ಚೇ. ಇಲ್ಲಿನ ಬಹಳಷ್ಟು ಮನೆಗಳು ತೋಟದ ನಡುವೆ ಬಿಡಿಬಿಡಿಯಾಗಿರುತ್ತವೆ. ಸಂಜೆ ಬಾಗಿಲು ದಾಟಿದರೆ ಆಟಕ್ಕೆ ಜೊತೆ ಸಿಗುವ ಅನುಕೂಲ ಪಟ್ಟಣದ ಮಕ್ಕಳಿಗಿರುವಂತೆ ತೋಟದ ಮನೆಯ ಮಕ್ಕಳಿಗಿಲ್ಲ. ಹಾಗೆಂದು ಎಲ್ಲ ವಿಷಯಗಳನ್ನೂ ಕೂಡುತರಗತಿಗೆ ಒಪ್ಪಿಸುವುದು ಸರಿಯಲ್ಲ. ಮನೆಯಲ್ಲಿ ಸಿಗದ್ದನ್ನು ಮಾತ್ರ ಅಲ್ಲಿಂದ ಪಡೆಯಬೇಕು ಎಂಬುದೇ ನನ್ನ ಖಚಿತವಾದ ಅಭಿಪ್ರಾಯ. ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಗಣಿತವನ್ನು ಹತ್ತು ಮಕ್ಕಳ ನಡುವೆ ತಂದು ಕೂರಿಸಿದರೆ, ಯಾವ ಅನುಕೂಲಕ್ಕಾಗಿ ಮಗುವನ್ನು ಮನೆಯಲ್ಲಿ ಇಟ್ಟುಕೊಂಡಿರೋ ಆ ಅನುಕೂಲವನ್ನೇ ಕಳೆದುಕೊಳ್ಳುತ್ತೀರಿ.

ಕೊರತೆ ಎಲ್ಲಿದೆ ಎಂದು ಮೊದಲು ನೋಡಿ

ಯಾರನ್ನೂ ಸಂಪರ್ಕಿಸುವ ಮೊದಲು ಎರಡು ವಾರ ಮನೆಯ ಪಾಠವನ್ನು ಒಂದು ನೋಟ್‌ಬುಕ್ಕಿನಲ್ಲಿ ದಾಖಲಿಸಿ. ಯಾವ ದಿನ ಏನು ನಡೆಯಿತು, ಯಾವುದು ಮುಂದೂಡಲ್ಪಟ್ಟಿತು, ಯಾವುದಕ್ಕೆ ಮಗು ತಾನಾಗಿ ಬಂದು ಕುಳಿತಿತು, ಯಾವುದಕ್ಕೆ ಎಳೆದು ಕೂರಿಸಬೇಕಾಯಿತು ಎಂಬಿಷ್ಟೇ ಸಾಕು. ಪದೇಪದೇ ಮುಂದೂಡಲ್ಪಡುವ ವಿಷಯಗಳೇ ಕೂಡುತರಗತಿಗೆ ಯೋಗ್ಯವಾದವು. ಅನೇಕ ಮನೆಗಳಲ್ಲಿ ಆ ಪಟ್ಟಿಯ ಮೇಲ್ತುದಿಯಲ್ಲಿ ಪ್ರಯೋಗ, ಪ್ರಬಂಧ ಬರಹ, ಮಾತುಗಾರಿಕೆ ಮತ್ತು ಕನ್ನಡ ಇರುತ್ತವೆ.

ಕನ್ನಡದ ಬಗ್ಗೆ ವಿಶೇಷವಾಗಿ ಹೇಳಬೇಕು. ಕೊಡಗಿನ ಮನೆಯೊಳಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವ ಹೀಗೆ ಬೇರೆ ಬೇರೆ ಮಾತುಗಳಿವೆ. ಮನೆಶಿಕ್ಷಣಕ್ಕೆ ಬಳಸುವ ಪುಸ್ತಕಗಳು ಮತ್ತು ವೀಡಿಯೊಗಳು ಹೆಚ್ಚಾಗಿ ಇಂಗ್ಲಿಷಿನವು. ನಡುವೆ ಕನ್ನಡವು ಕಿವಿಗೆ ಗೊತ್ತಿದ್ದರೂ ಕಣ್ಣಿಗೂ ಕೈಗೂ ಪಳಗದೆ ಉಳಿಯುತ್ತದೆ. ಅಂಗಡಿಯಲ್ಲಿ ಸರಾಗವಾಗಿ ಕನ್ನಡ ಮಾತನಾಡುವ ಹನ್ನೊಂದು ವರ್ಷದ ಮಗು ಒತ್ತಕ್ಷರ ಬಂದ ಕೂಡಲೇ ತಡವರಿಸುವುದು ಅಪರೂಪವಲ್ಲ. ಒಬ್ಬಂಟಿ ಮಗುವಿಗೆ ಕನ್ನಡ ಪತ್ರಿಕೆ ಕೊಟ್ಟರೆ ಅದು ಓದುವುದಿಲ್ಲ. ಆದರೆ ಆರು ಮಕ್ಕಳು ಸೇರಿ ಸಣ್ಣ ನಾಟಕವೊಂದರ ಮಾತುಗಳನ್ನು ಹಂಚಿಕೊಂಡರೆ, ತನ್ನ ಸರದಿ ತಪ್ಪಬಾರದೆಂಬ ಕಾರಣಕ್ಕೇ ಪ್ರತಿಯೊಂದು ಮಗುವೂ ಮನೆಯಲ್ಲಿ ಹತ್ತು ಸಲ ಓದಿಕೊಂಡು ಬರುತ್ತದೆ. ಆದ್ದರಿಂದ ಬೇರೇನನ್ನು ಬಿಟ್ಟರೂ ಕನ್ನಡ ಓದು ಮತ್ತು ಸಂಭಾಷಣೆಯನ್ನು ಕೂಡುತರಗತಿಯಲ್ಲಿ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಕಾನೂನು ಮತ್ತು ಪರೀಕ್ಷೆ

ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯ್ದೆ 2009ರಲ್ಲಿ ರೂಪುಗೊಂಡು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಅದರ 10ನೇ ಕಲಂ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ಆದರೆ ಮನೆಶಿಕ್ಷಣದ ಬಗ್ಗೆ ಕಾಯ್ದೆಯಲ್ಲಿ ನೇರವಾದ ಮಾತಿಲ್ಲ. ಕೂಡುತರಗತಿ ನಡೆಸುವವರು ಮುಖ್ಯವಾಗಿ ಓದಿಕೊಳ್ಳಬೇಕಾದದ್ದು 18ನೇ ಕಲಂ: ಮಾನ್ಯತೆಯ ಪ್ರಮಾಣಪತ್ರವಿಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ಆದ್ದರಿಂದ ಕೂಡುತರಗತಿಗೆ ಶಾಲೆಯ ಹೆಸರಿಡಬೇಡಿ, ಪ್ರವೇಶ ಶುಲ್ಕ ವಸೂಲಿ ಮಾಡಬೇಡಿ, ಸಮವಸ್ತ್ರ, ತರಗತಿ ಸಂಖ್ಯೆ, ಅಂಕಪಟ್ಟಿ ಇವ್ಯಾವುದರ ಗೋಜಿಗೂ ಹೋಗಬೇಡಿ. ವಾರದಲ್ಲಿ ಒಂದು ದಿನ, ಪೋಷಕರ ಎದುರಿನಲ್ಲೇ ನಡೆಯುವ ಕೂಟವಾಗಿಯೇ ಅದು ಉಳಿಯಲಿ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆಂದು ಯಾರಾದರೂ ಬಾಗಿಲಿಗೆ ಬಂದರೆ ತೋರಿಸಲು ಮಗುವಿನ ಕೆಲಸದ ಕಡತವೊಂದು ದಿನಾಂಕಸಹಿತ ಮನೆಯಲ್ಲಿರಬೇಕು.

ಪರೀಕ್ಷೆಯ ದಾರಿಯನ್ನು ಮಗುವಿಗೆ ಹನ್ನೆರಡು ತುಂಬುವಾಗಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎಲ್ಲರೂ ಎನ್‌ಐಒಎಸ್ ಎನ್ನುವ ಸಂಸ್ಥೆಯಲ್ಲಿ, 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸಮಾನವಾದ ಸೆಕೆಂಡರಿ ಹಂತಕ್ಕೆ ನೋಂದಾಯಿಸಿಕೊಳ್ಳಬಹುದು. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ನೋಂದಣಿ ಐದು ವರ್ಷ ಊರ್ಜಿತದಲ್ಲಿರುತ್ತದೆ. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಹೊತ್ತಿಗೆ ನಡೆಯುತ್ತದೆ. ವಿಜ್ಞಾನ ಆಯ್ದುಕೊಂಡವರಿಗೆ ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ, ಉಪಕರಣಗಳನ್ನು ಕೈಯಲ್ಲಿ ಹಿಡಿದು, ಅಳೆದು ಅಭ್ಯಾಸವಾಗಿರಬೇಕು. ಒಂದೊಂದು ಮನೆ ಒಂದೊಂದು ಪ್ರಯೋಗಶಾಲೆ ಕಟ್ಟುವ ಬದಲು ನಾಲ್ಕು ಮನೆ ಸೇರಿ ಒಂದು ಪೆಟ್ಟಿಗೆಯಷ್ಟು ಸಾಮಗ್ರಿ ಕೊಂಡರೆ ಕೆಲಸ ಆಗುತ್ತದೆ.

ಮನೆಗಳು, ಜಾಗ, ದೂರ

ಎಷ್ಟು ಕುಟುಂಬ ಎಂಬುದಕ್ಕಿಂತ ಎಷ್ಟು ಕಿಲೋಮೀಟರು ಎಂಬುದು ಇಲ್ಲಿ ದೊಡ್ಡ ಪ್ರಶ್ನೆ. ಮಡಿಕೇರಿಯಿಂದ ಕುಶಾಲನಗರಕ್ಕೂ ವಿರಾಜಪೇಟೆಗೂ ಸುಮಾರು ಮೂವತ್ತು ಕಿಲೋಮೀಟರು. ಘಟ್ಟದ ತಿರುವುಗಳಲ್ಲಿ, ಮಂಜು ಮುಸುಕಿದ ಬೆಳಿಗ್ಗೆ ಅದು ಒಂದು ಗಂಟೆಗೂ ಮೀರುತ್ತದೆ. ಜಿಲ್ಲೆಗೆಲ್ಲ ಒಂದೇ ಗುಂಪು ಕಟ್ಟುವ ಉತ್ಸಾಹ ಎರಡು ತಿಂಗಳಲ್ಲಿ ದಣಿಯುತ್ತದೆ. ಗೋಣಿಕೊಪ್ಪ–ಪೊನ್ನಂಪೇಟೆ–ವಿರಾಜಪೇಟೆ ಸುತ್ತ ಒಂದು, ಕುಶಾಲನಗರ–ಸುಂಟಿಕೊಪ್ಪ ಕಡೆ ಇನ್ನೊಂದು, ಮಡಿಕೇರಿಯದು ಬೇರೊಂದು ಎಂದು ಚಿಕ್ಕಚಿಕ್ಕ ಗುಂಪುಗಳಿರಲಿ, ವರ್ಷಕ್ಕೆರಡು ಸಲ ಎಲ್ಲರೂ ಒಂದೆಡೆ ಸೇರಲಿ. ಮುಕ್ಕಾಲು ಗಂಟೆಯ ಪ್ರಯಾಣ ಮೀರಿದ ಮನೆಯನ್ನು ವಾರದ ತರಗತಿಗೆ ಒಪ್ಪಿಸಬೇಡಿ. ಅವರಿಗೆ ತಿಂಗಳಿಗೊಮ್ಮೆಯ ಹೊರಸಂಚಾರ ಸಾಕು.

ಆರರಿಂದ ಹನ್ನೆರಡು ಮಕ್ಕಳ ಗುಂಪು ಹದವಾದದ್ದು. ವಯಸ್ಸಿನ ಅಂತರ ಹೆಚ್ಚಿದ್ದರೆ ಆರರಿಂದ ಒಂಬತ್ತು ಮತ್ತು ಹತ್ತರಿಂದ ಮೇಲೆ ಎಂದು ಎರಡು ಪಂಕ್ತಿ ಮಾಡಿ. ನಾಟಕ, ಹಾಡು, ಆಟ, ಗಿಡಮರದ ಪಾಠ ಇವುಗಳಲ್ಲಿ ಎಲ್ಲರೂ ಒಟ್ಟಿಗೆ ಇರಬಹುದು.

ಜಾಗಕ್ಕೆ ಮನೆಯ ವಿಶಾಲ ಜಗಲಿ ಸಾಕು, ಆದರೆ ಪ್ರತಿ ವಾರವೂ ಒಂದೇ ಮನೆಯವರ ಮೇಲೆ ಹೊರೆ ಬೀಳದಂತೆ ಸರದಿ ಇರಲಿ. ಕೊಡವ ಸಮಾಜ, ಗೌಡ ಸಮಾಜ, ಮಹಿಳಾ ಸಮಾಜಗಳ ಸಭಾಂಗಣಗಳು ಮದುವೆ ಇಲ್ಲದ ವಾರದ ದಿನಗಳಲ್ಲಿ ಖಾಲಿ ಇರುತ್ತವೆ, ಕೇಳಿ ನೋಡಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುತ್ತದೆ, ಕನ್ನಡ ಪುಸ್ತಕಗಳೂ ಇರುತ್ತವೆ. ಮೊಬೈಲ್ ನೆಟ್‌ವರ್ಕ್ ಬಾರದ ಜಾಗವನ್ನು ಎಷ್ಟೇ ಚೆಂದವಿದ್ದರೂ ಆಯ್ದುಕೊಳ್ಳಬೇಡಿ.

ಕಲಿಸುವವರನ್ನು ಹುಡುಕುವಾಗ ಪೋಷಕರ ಆಚೆಗೂ ನೋಡಿ. ಕೊಡಗಿನ ಊರೂರುಗಳಲ್ಲಿ ಸೇನೆಯಿಂದ ನಿವೃತ್ತರಾದವರಿದ್ದಾರೆ. ನಕ್ಷೆ ಓದುವುದು, ದಿಕ್ಸೂಚಿ ಹಿಡಿದು ದಾರಿ ಕಾಣುವುದು, ಪ್ರಥಮ ಚಿಕಿತ್ಸೆ ಇವನ್ನು ಅವರಷ್ಟು ಶಿಸ್ತಿನಿಂದ ಕಲಿಸುವವರು ಬೇರೆ ಯಾರಿದ್ದಾರೆ? ನಿವೃತ್ತ ಶಿಕ್ಷಕಿಯೊಬ್ಬರು ತಿಂಗಳಿಗೆ ಎರಡು ಸಲ ಬಂದು ಪ್ರಬಂಧ ತಿದ್ದಿಕೊಟ್ಟರೂ ಅದು ದೊಡ್ಡ ಲಾಭ. ಇಂಥವರನ್ನು ಕರೆಯುವಾಗ ಮನೆಗೆ ಹೋಗಿ, ಕುಳಿತು, ಏನು ಬೇಕೆಂದು ಬಿಡಿಸಿ ಹೇಳಿ ಬನ್ನಿ. ಫೋನಿನಲ್ಲಿ ಒಂದು ಸಂದೇಶ ಕಳುಹಿಸಿ ಹಿರಿಯರನ್ನು ಕರೆಯುವುದು ನಮ್ಮ ಕಡೆಯ ಮರ್ಯಾದೆಯೂ ಅಲ್ಲ, ಅದರಿಂದ ಕೆಲಸವೂ ಆಗುವುದಿಲ್ಲ.

ಮಳೆಯನ್ನೂ ಕೊಯ್ಲನ್ನೂ ನೋಡಿ ದಿನ ಗೊತ್ತುಮಾಡಿ

ಜೂನ್‌ನಲ್ಲಿ ಆರಂಭಿಸಿ ಮಾರ್ಚ್‌ನಲ್ಲಿ ಮುಗಿಸುವ ಶಾಲೆಯ ಕ್ರಮವನ್ನು ಕೂಡುತರಗತಿ ಅನುಸರಿಸಬೇಕಾಗಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ರಸ್ತೆಗೆ ಮರ ಬೀಳುತ್ತದೆ, ಕರೆಂಟ್ ದಿನಗಟ್ಟಲೆ ಇರುವುದಿಲ್ಲ. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡವರು ಮಕ್ಕಳನ್ನು ಆ ದಿನಗಳಲ್ಲಿ ಗುಡ್ಡದ ರಸ್ತೆಗೆ ಹಚ್ಚಲು ಹಿಂಜರಿಯುವುದು ಸಹಜ. ಆ ಮೂರು ತಿಂಗಳು ಮನೆಯ ಓದಿಗೆ ಮೀಸಲಿರಲಿ. ಮಳೆಯ ಕಾರಣಕ್ಕೆ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಘೋಷಿಸಿದ ದಿನ ಕೂಡುತರಗತಿಗೂ ರಜೆ ಎಂದು ಮೊದಲೇ ತೀರ್ಮಾನಿಸಿಬಿಟ್ಟರೆ ಪ್ರತಿ ಸಲ ಚರ್ಚೆ ಬೇಕಾಗುವುದಿಲ್ಲ.

ಕೈಲ್‌ಪೊಳ್ದ್ ಹಬ್ಬ ಮುಗಿದು ಮಳೆ ಇಳಿದ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಹತ್ತು ವಾರದ ಮೊದಲ ಅವಧಿಯನ್ನು ಇಟ್ಟುಕೊಳ್ಳಿ. ಅಕ್ಟೋಬರ್ ನಡುವೆ ಬರುವ ಕಾವೇರಿ ಸಂಕ್ರಮಣಕ್ಕೂ ಮುಂದೆ ಪುತ್ತರಿ ಹಬ್ಬಕ್ಕೂ ಬಿಡುವು ಇರಲಿ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ಕಣದಲ್ಲಿ ಕಾಫಿ ಹರಡಿರುವಾಗ ತೋಟದ ಮನೆಯವರು ತರಗತಿಯ ದಿನ ಬೆಳಿಗ್ಗೆ ಕಾರು ತೆಗೆದು ಬರುತ್ತಾರೆಂದು ನಿರೀಕ್ಷಿಸಬಾರದು. ಎರಡನೇ ಅವಧಿ ಫೆಬ್ರುವರಿ ನಡುವಿನಿಂದ ಏಪ್ರಿಲ್‌ವರೆಗೆ. ವಾರದಲ್ಲಿ ಒಂದೇ ದಿನ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆವರೆಗೆ, ಆಮೇಲೆ ಒಟ್ಟಿಗೆ ಊಟ. ಇದಕ್ಕಿಂತ ಹೆಚ್ಚು ಹೊತ್ತು ಬೇಕಿಲ್ಲ.

ಒಂದು ಪಾಠ ಹೇಗೆ ಬೆಳೆಯುತ್ತದೆ

ಕೂಡುತರಗತಿಗೆ ಪಠ್ಯಪುಸ್ತಕದ ಅಧ್ಯಾಯಗಳಿಗಿಂತ ಅನೇಕ ಕೈಗಳನ್ನು ಬೇಡುವ ಕೆಲಸ ಹೊಂದುತ್ತದೆ. ಮಳೆಮಾಪಕವನ್ನೇ ತೆಗೆದುಕೊಳ್ಳಿ. ನೇರವಾದ ಬದಿಗಳಿರುವ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ಕತ್ತರಿಸಿ ತಲೆಕೆಳಗಾಗಿ ಅದರೊಳಗೇ ಕೂರಿಸಿ, ಬುಡದ ಉಬ್ಬುತಗ್ಗು ಮುಚ್ಚುವಷ್ಟು ಬೆಣಚುಕಲ್ಲು ಮತ್ತು ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಬರುವಂತೆ ಹೊರಗೆ ಅಳತೆಪಟ್ಟಿ ಅಂಟಿಸಬೇಕು. ಮರದ ನೆರಳು ತಪ್ಪಿದ ಬಯಲಿನಲ್ಲಿಟ್ಟು, ಹವಾಮಾನ ಇಲಾಖೆ ಮಾಡುವಂತೆ ದಿನವೂ ಬೆಳಿಗ್ಗೆ 8.30ಕ್ಕೆ ಓದಿಕೊಳ್ಳಬೇಕು. ಇದನ್ನು ಒಂದು ಮಗು ಮಾಡಿದರೆ ಸಿಗುವುದು ಒಂದು ಸಂಖ್ಯೆ. ಐದು ಮನೆಗಳಲ್ಲಿ ಐದು ಮಕ್ಕಳು ಅದೇ ದಿನ, ಅದೇ ಹೊತ್ತಿಗೆ ಓದಿ ತರಗತಿಯ ದಿನ ಒಂದೇ ಹಾಳೆಯ ಮೇಲೆ ಬರೆದಾಗ, ಭಾಗಮಂಡಲದ ಕಡೆಯ ಮಳೆಗೂ ಕುಶಾಲನಗರದ ಮಳೆಗೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ, ಘಟ್ಟದ ಪಶ್ಚಿಮ ಅಂಚಿನಲ್ಲಿ ಮೋಡ ಹೇಗೆ ಬರಿದಾಗುತ್ತದೆ ಎಂಬ ಪ್ರಶ್ನೆ ಮಕ್ಕಳಿಂದಲೇ ಏಳುತ್ತದೆ.

ಅಲ್ಲಿಂದ ಲೆಕ್ಕಕ್ಕೆ ಹೋಗಬಹುದು. ನಮ್ಮ ತೋಟಗಾರರು ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ ಹೇಳುತ್ತಾರೆ, ಪತ್ರಿಕೆ ಮಿಲಿಮೀಟರಿನಲ್ಲಿ ಬರೆಯುತ್ತದೆ. ಒಂದು ಇಂಚಿಗೆ 100 ಸೆಂಟ್, ಒಂದು ಇಂಚು ಎಂದರೆ 25.4 ಮಿಲಿಮೀಟರು; ಹಾಗಾದರೆ 63 ಮಿಲಿಮೀಟರು ಮಳೆಯನ್ನು ಅಜ್ಜನಿಗೆ ಹೇಗೆ ಹೇಳಬೇಕು? ಎರಡು ಇಂಚು 48 ಸೆಂಟ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರ್. ಮಾರ್ಚ್‌ನಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರಿಗೂ ಮೀರಿ ನೀರು ಬಂದಂತಾಯಿತು ಎಂದು ಮಕ್ಕಳೇ ಕಂಡುಕೊಂಡಾಗ, ಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕುವ ಮನೆಯವರು ಏಕೆ ಡೀಸೆಲ್ಲಿನ ಲೆಕ್ಕ ಹಾಕುತ್ತಾ ಕೂರುತ್ತಾರೆಂದು ಅರ್ಥವಾಗುತ್ತದೆ. ಮಳೆಯಾದ ಎಂಟು ಹತ್ತು ದಿನಕ್ಕೆ ಅರಳುವ ಕಾಫಿ ಹೂವನ್ನು ಕೈಮಸೂರದಲ್ಲಿ ನೋಡುವುದು ಮುಂದಿನ ವಾರದ ಪಾಠ. ಶೇಕಡಾವಾರು ಕಲಿಯುವ ಮಕ್ಕಳಿಗೆ ಔಟ್‌ಟರ್ನ್ ಲೆಕ್ಕ, ಅಂದರೆ ಒಣಗಿದ ಕಾಫಿ ಹಣ್ಣಿನಿಂದ ಎಷ್ಟು ಬೀಜ ಸಿಗುತ್ತದೆಂಬ ಲೆಕ್ಕ ಕೊಡಿ: ಒಣಗಿದ ರೋಬಸ್ಟಾ ಚೆರಿಯ 50 ಕೆ.ಜಿ. ಚೀಲದಿಂದ 26 ಕೆ.ಜಿ. ಬೀಜ ಸಿಕ್ಕಿದರೆ ಅದು ಶೇಕಡಾ 52; ಕೆ.ಜಿ. ಬೀಜದ ಬೆಲೆ ಇಷ್ಟಾದರೆ ಚೀಲದ ಬೆಲೆ ಎಷ್ಟು?

ಇತಿಹಾಸಕ್ಕೂ ಇದೇ ಕ್ರಮ ಸಲ್ಲುತ್ತದೆ. ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರುವವರೆಗೆ ಪ್ರತ್ಯೇಕ ರಾಜ್ಯವಾಗಿತ್ತು. ಆಗ ಬಾಲ್ಯದಲ್ಲಿದ್ದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಪ್ರತಿಯೊಂದು ಮಗುವೂ ಒಬ್ಬೊಬ್ಬ ಹಿರಿಯರನ್ನು ಮಾತನಾಡಿಸಿ ಒಂದು ಪುಟ ಬರೆದು ತಂದರೆ, ಐದು ಮನೆಯ ನೆನಪುಗಳು ಒಂದನ್ನೊಂದು ಎಲ್ಲಿ ಒಪ್ಪುತ್ತವೆ, ಎಲ್ಲಿ ಒಪ್ಪುವುದಿಲ್ಲ ಎಂದು ನೋಡಬಹುದು. ಮಡಿಕೇರಿ ಕೋಟೆಯ ವಸ್ತುಸಂಗ್ರಹಾಲಯ ಇರುವ ಕಟ್ಟಡ 1855ರಲ್ಲಿ ಕಟ್ಟಿದ ಇಗರ್ಜಿ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಎರಡನ್ನೂ ಒಂದೇ ಬೆಳಿಗ್ಗೆ ನೋಡಿ ಮುಗಿಸುವ ಆತುರ ಬೇಡ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಚೆಟ್ಟಳ್ಳಿಯ ಕಾಫಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರಗಳಂಥ ಕಡೆ ಹೋಗಬೇಕಿದ್ದರೆ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಿರಿ. ಒಂದು ಕುಟುಂಬಕ್ಕಾಗಿ ಸಮಯ ಕೊಡಿ ಎಂದು ಕೇಳುವುದು ಸಂಕೋಚದ ಮಾತು. ಹತ್ತು ಮಕ್ಕಳ ಪರವಾಗಿ ಕೇಳುವುದು ಹಾಗಲ್ಲ.

ಮನೆಯ ಪಾಠಕ್ಕೆ ಜೋಡಿಸುವುದು

ಕೂಡುತರಗತಿಯಿಂದ ಬಂದ ಮರುದಿನ ಬೆಳಿಗ್ಗೆಯ ಮೊದಲ ಅರ್ಧ ಗಂಟೆಯನ್ನು ಅದಕ್ಕೇ ಕೊಡಿ. ಮಗು ಅಲ್ಲಿ ಮಾಡಿದ್ದನ್ನು ನಿಮಗೆ ಹೇಳಲಿ, ಚಿತ್ರ ಬರೆಯಲಿ, ತಿಳಿಯದೆ ಉಳಿದ ಒಂದು ಪ್ರಶ್ನೆಯನ್ನು ಬರೆದಿಡಲಿ. ಈ ಅರ್ಧ ಗಂಟೆ ತಪ್ಪಿದರೆ ಕೂಡುತರಗತಿಯು ವಾರದ ಒಂದು ಸಂತೋಷಕೂಟವಾಗಿ ಉಳಿಯುತ್ತದೆ, ಪಾಠವಾಗುವುದಿಲ್ಲ. ಕಲಿಸುವ ಪೋಷಕರು ಮುಂದಿನ ವಾರಕ್ಕೆ ಮನೆಯಲ್ಲಿ ಮಾಡಬೇಕಾದ ಒಂದೇ ಒಂದು ಕೆಲಸವನ್ನು ಬರೆದು ಕಳುಹಿಸಲಿ. ಮೂರು ನಾಲ್ಕು ಕೊಟ್ಟರೆ ಮನೆಯ ಕ್ರಮವೇ ಕೆಡುತ್ತದೆ. ಮನೆಯ ಗಣಿತ ಮತ್ತು ಓದಿನ ಹೊತ್ತನ್ನು ಕೂಡುತರಗತಿಯ ಸಿದ್ಧತೆ ತಿಂದುಹಾಕುತ್ತಿದೆ ಎಂದು ಕಂಡರೆ ಒಂದು ವಿಷಯವನ್ನು ಕೈಬಿಡಿ.

ಬೇರೆ ಪೋಷಕರ ಕಲಿಸುವ ರೀತಿ ನಿಮ್ಮದಕ್ಕಿಂತ ಬೇರೆಯಾಗಿಯೇ ಇರುತ್ತದೆ. ಒಬ್ಬರು ತಪ್ಪನ್ನು ಅಲ್ಲೇ ತಿದ್ದುತ್ತಾರೆ, ಇನ್ನೊಬ್ಬರು ಮಗುವೇ ಕಂಡುಕೊಳ್ಳಲಿ ಎಂದು ಬಿಡುತ್ತಾರೆ. ಬೈಗುಳ, ಹೊಡೆತ, ಹೋಲಿಸಿ ಹೀಯಾಳಿಸುವುದು ಇವು ಮೂರಕ್ಕೂ ಜಾಗವಿಲ್ಲ ಎಂದು ಆರಂಭದಲ್ಲೇ ಒಪ್ಪಿಕೊಂಡ ಮೇಲೆ, ಉಳಿದ ವ್ಯತ್ಯಾಸಗಳನ್ನು ಮಗು ಅರಗಿಸಿಕೊಳ್ಳುತ್ತದೆ, ಅದರಿಂದ ಬೆಳೆಯುತ್ತದೆ ಕೂಡ.

ಸುರಕ್ಷತೆ

ಮಕ್ಕಳಿರುವ ಜಾಗದಲ್ಲಿ ಯಾವಾಗಲೂ ಬೇರೆ ಬೇರೆ ಮನೆಯ ಇಬ್ಬರು ಹಿರಿಯರಿರಬೇಕು, ಬಾಗಿಲು ತೆರೆದಿರಬೇಕು. ಹೊರಗಿನಿಂದ ಬರುವ ಶಿಕ್ಷಕರು ಎಷ್ಟೇ ಪರಿಚಿತರಾದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ತೋಟದ ಕೆರೆಯ ಬಳಿ ಪಾಠವಿದ್ದರೆ ನೀರಿನ ಕಡೆಗೆ ಬೆನ್ನು ಹಾಕದ ಒಬ್ಬರು ಬೇರೇನೂ ಮಾಡದೆ ಕಾವಲಿಗಿರಲಿ. ಔಷಧಿ ಸಿಂಪಡಿಸಿದ ತೋಟಕ್ಕೆ ಮಕ್ಕಳನ್ನು ಕರೆದೊಯ್ಯಬಾರದು. ಆತಿಥೇಯ ಮನೆಯವರನ್ನು ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ. ಸಿದ್ದಾಪುರದಂಥ ಆನೆ ಓಡಾಡುವ ಕಡೆಗಳಲ್ಲಿ ಬೆಳಿಗ್ಗೆ ಬೇಗ ಹೊರಡುವುದೂ ಸಂಜೆಗೆ ಉಳಿಯುವುದೂ ಬೇಡ. ತೋಟದಲ್ಲಿ ಆನೆ ಇದೆಯೇ ಎಂದು ಅಲ್ಲಿನ ಕಾರ್ಮಿಕರನ್ನು ವಿಚಾರಿಸಿಯೇ ಇಳಿಯಿರಿ. ಅವರ ಮಾತಿಗಿಂತ ನಂಬಬಹುದಾದ ಮಾಹಿತಿ ಸಿಗಲಾರದು. ಪ್ರತಿ ಮಗುವಿನ ಅಲರ್ಜಿ, ನಿತ್ಯದ ಔಷಧ, ಇಬ್ಬರು ಹಿರಿಯರ ಫೋನ್ ಸಂಖ್ಯೆ ಇವು ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿರಲಿ.

ಹಣ ಮತ್ತು ಒಪ್ಪಂದ

ಪೋಷಕರು ಪರಸ್ಪರ ಕಲಿಸುವುದಕ್ಕೆ ಹಣ ಕೊಡುವುದು, ಪಡೆಯುವುದು ಬೇಡ. ಸಾಮಗ್ರಿ, ಜಾಗದ ಬಾಡಿಗೆ, ಹೊರಗಿನವರ ಗೌರವಧನ ಇಷ್ಟನ್ನೇ ಮಕ್ಕಳ ಸಂಖ್ಯೆಗೆ ತಕ್ಕಂತೆ ಹಂಚಿಕೊಳ್ಳಿ. ಒಬ್ಬರು ಲೆಕ್ಕ ಬರೆಯಲಿ, ಇನ್ನೊಬ್ಬರು ಅವಧಿಯ ಕೊನೆಗೆ ನೋಡಲಿ. ಕಲಿಸಲು ಬಾರದವರು ಅಡುಗೆ, ವಾಹನ, ಚಿಕ್ಕ ಮಕ್ಕಳ ಆರೈಕೆ ಹೊತ್ತುಕೊಳ್ಳಬಹುದು, ಆದರೆ ಮಗುವನ್ನು ಬಿಟ್ಟು ಹೊರಟುಹೋಗುವವರಿಗೆ ಕೂಡುತರಗತಿ ಹೊಂದುವುದಿಲ್ಲ ಎಂದು ನಯವಾಗಿ, ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ದಿನ, ಹೊತ್ತು, ಸರದಿ, ಖರ್ಚು, ಜ್ವರ ಬಂದಾಗ ಏನು, ಸರದಿ ತಪ್ಪಿದರೆ ಯಾರು ಎಂಬುದೆಲ್ಲ ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ನೆಂಟರೂ ನೆರೆಯವರೂ ಆದವರ ನಡುವೆ ಸಹಿ ಏತಕ್ಕೆ ಎಂದು ಅನಿಸಬಹುದು, ಆದರೆ ನೆಂಟಸ್ತಿಕೆ ಉಳಿಯುವುದಕ್ಕಾಗಿಯೇ ಅದು ಬೇಕು.

ಹೊಸದಾಗಿ ಸೇರುವ ಕುಟುಂಬಕ್ಕೆ ನಾಲ್ಕು ವಾರ ನೋಡುವ ಅವಕಾಶ ಕೊಡಿ. ಪ್ರತಿ ಅವಧಿಯ ಕೊನೆಯಲ್ಲಿ ಆರಂಭದ ಆ ನೋಟ್‌ಬುಕ್ಕನ್ನು ಮತ್ತೆ ತೆರೆದು, ಮುಂದೂಡಲ್ಪಡುತ್ತಿದ್ದ ವಿಷಯಗಳು ಈಗ ನಡೆಯುತ್ತಿವೆಯೇ ಎಂದು ಪರಿಶೀಲಿಸಿ, ಮಗುವನ್ನೂ ಕೇಳಿ. ನಡೆಯುತ್ತಿಲ್ಲವಾದರೆ ವಿಷಯ ಬದಲಿಸಿ, ಅದೂ ಆಗದಿದ್ದರೆ ಅವಧಿಯ ನಡುವೆ ಬಿಡದೆ ಕೊನೆಯವರೆಗೆ ನಿಮ್ಮ ಸರದಿ ಮುಗಿಸಿ ಹೊರಬನ್ನಿ. ಹಂಚಿಕೊಂಡ ಪುಸ್ತಕ, ಮಸೂರ, ಗಾಜಿನ ಸಾಮಾನುಗಳ ಲೆಕ್ಕವನ್ನು ಮೇ ತಿಂಗಳಲ್ಲೇ ಚುಕ್ತಾ ಮಾಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಣಗಿದ ಅಟ್ಟವಿರುವ ಮನೆಯೊಂದರಲ್ಲಿ ಪೆಟ್ಟಿಗೆಯನ್ನು ಇರಿಸಿ.